ತಿಪ್ಪೆ ಸಾರಿಸಬೇಕೋ, ಬೇಡವೋ

ಹಿತ್ತಿಲಲ್ಲಿ ಒಂದು ಗೊಬ್ಬರದ ಗುಡ್ಡೆ ಹಾಕಿ ನೋಡಿ, ನಿಮ್ಮ ಬೀದಿಯಲ್ಲಿ ಎಷ್ಟು ಜನ ಕೃಷಿ ಪಂಡಿತರಿದ್ದಾರೆ ಎನ್ನುವುದು ತಾನಾಗಿ ಗೊತ್ತಾಗುತ್ತದೆ. ಮಗಳ ಮದುವೆ ವಿಚಾರದಲ್ಲೂ ಇಷ್ಟು ಜನ ಬಾಯಿ ಹಾಕುವುದಿಲ್ಲ. "ಮುಚ್ಚಿಡಿ ಸಾರ್, ನೊಣ ಬರ್ತವೆ" ಎನ್ನುತ್ತಾರೆ ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು. "ಮುಚ್ಚಿದ್ರೆ ಉಸಿರು ಕಟ್ಟಿ ನಾರುತ್ತೆ, ಬಿಚ್ಚಿಡಿ" ಎನ್ನುತ್ತಾರೆ ಎದುರು ಮನೆಯ ಮೇಷ್ಟ್ರು. ಸಾಗರದ ಕಡೆಯಿಂದ ಬಂದಿದ್ದ ನನ್ನ ಭಾವ ಇಬ್ಬರ ವಾದವನ್ನೂ ಕೇಳಿಸಿಕೊಂಡು, ಕವಳ ಮೆಲ್ಲುತ್ತ, "ನಾಕು ಸೋಗೆ ಹೊದೆಸೋದಕ್ಕೆ ಒಂದು ಮೀಟಿಂಗಾ ಮಾರಾಯ?" ಎಂದ. ಮನೆಯಾಕೆಯದು ಬೇರೆಯೇ ಲೆಕ್ಕ. ಮುಚ್ಚುವುದೋ ಬಿಡುವುದೋ ಆಮೇಲಿನ ಮಾತು, ಮೊದಲು ಅದು ಅಡುಗೆಮನೆ ಕಿಟಕಿಗೆ ಕಾಣಬಾರದು.

ನಾಲ್ವರಲ್ಲಿ ಮನಸ್ಸು ಬಿಚ್ಚಿ ಮಾತಾಡಿದವಳು ಆಕೆಯೊಬ್ಬಳೇ. ಪೇಟೆಯ ನಾವು ಗೊಬ್ಬರದ ಗುಡ್ಡೆ ಮುಚ್ಚುವುದು ಮಾನ ಉಳಿಸಿಕೊಳ್ಳಲು. ನೆಂಟರು ಬರುತ್ತಾರೆಂದರೆ ಮುಚ್ಚುತ್ತೇವೆ, ಹೋದ ಮೇಲೆ ಮರೆಯುತ್ತೇವೆ. ಹಳ್ಳಿಯವರಿಗೆ ಈ ನಾಚಿಕೆಯೇ ಇರಲಿಲ್ಲ. ತಿಪ್ಪೆಯ ಗಾತ್ರ ನೋಡಿ ಕೊಟ್ಟಿಗೆಯ ದನಗಳನ್ನು ಲೆಕ್ಕ ಹಾಕಿ, ಆ ಮನೆಗೆ ಹೆಣ್ಣು ಕೊಡುವುದೋ ಬೇಡವೋ ಎಂದು ತೀರ್ಮಾನಿಸುವ ಹಿರಿಯರಿದ್ದರು. ದೀಪಾವಳಿಯಲ್ಲಿ ತಿಪ್ಪೆಗೆ ಪೂಜೆ ಮಾಡುವ ಊರುಗಳು ಈಗಲೂ ಇವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು. ಅಂಥ ತಿಪ್ಪಯ್ಯನ ಮೊಮ್ಮಗ ಈಗ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಮೂರಂತಸ್ತಿನ ಮಣ್ಣಿನ ಕುಂಡ ಇಟ್ಟು, ಚಿತ್ತಾರದ ಮುಚ್ಚಳ ಹಾಕಿ, ಬಂದವರಿಗೆ "ಇದು ಕಾಂಪೋಸ್ಟರ್" ಎಂದು ಪರಿಚಯ ಮಾಡಿಸುತ್ತಾನೆ. ತಿಪ್ಪೆ ಎಂದರೆ ಅಸೋಸಿಯೇಷನ್ನಿನವರು ನೋಟಿಸು ಕೊಟ್ಟಾರು.

ಈ ಮುಚ್ಚು-ಬಿಚ್ಚು ಜಗಳ ನಮ್ಮ ಬೀದಿಯಲ್ಲಿ ಹುಟ್ಟಿದ್ದೆಂದು ನಾನು ಹೆಮ್ಮೆಪಡುವ ಹಾಗಿಲ್ಲ. ಎರಡು ಊರುಗಳು ಆಗಲೇ ಇದಕ್ಕೆ ಹೆಸರು ಕೊಟ್ಟಿವೆ. ಮೇಷ್ಟ್ರ ಪಕ್ಷ ಇಂದೋರಿನದು. 1924ರಿಂದ 1931ರವರೆಗೆ ಅಲ್ಲಿದ್ದ ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ, ಯಶವಂತ ವಾಡ್ ಅವರ ಜೊತೆ ಸೇರಿ ರೂಪಿಸಿದ ಪದ್ಧತಿ. ಅದರಲ್ಲಿ ಗೊಬ್ಬರಕ್ಕೆ ಗಾಳಿಯಾಡಬೇಕು. ಗುಂಡಿ ತುಂಬಿ 15 ದಿನವಾದ ಮೇಲೆ ಒಮ್ಮೆ ತಿರುವಿ ಹಾಕಬೇಕು, ಇನ್ನು 15 ದಿನ ಬಿಟ್ಟು ಮತ್ತೊಮ್ಮೆ, ಆಮೇಲೆ ತಿಂಗಳು ಬಿಟ್ಟು ಮಗದೊಮ್ಮೆ. ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ, ತಿರುವಿದವನ ಸೊಂಟದ ಮಾತು ಬೇರೆ.

ಮ್ಯಾನೇಜರ ಪಕ್ಷ ಬೆಂಗಳೂರಿನದು. 1939ರಲ್ಲಿ ಇಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ. ಎನ್. ಆಚಾರ್ಯ ರೂಪಿಸಿದ್ದು. ಕಸ ಒಂದು ಪದರ, ಸಗಣಿಯೋ ಮಲವೋ ಒಂದು ಪದರ, ಹೀಗೆ ಗುಂಡಿ ತುಂಬಿ, ತೇವ ಆರದಂತೆ, ನೊಣ ಹುಟ್ಟದಂತೆ ಮೇಲೆ ಮಣ್ಣು ಮೆತ್ತಿ ಸಾರಿಸಿಬಿಡುವುದು. ತಿರುವುವ ಗೋಜಿಲ್ಲ, ನೀರು ಹಾಕುವ ಗೋಜಿಲ್ಲ. ಒಳಗೆ ಗಾಳಿಯಿಲ್ಲದೆಯೇ ನಿಧಾನಕ್ಕೆ ಕೊಳೆಯುತ್ತ ಆರರಿಂದ ಎಂಟು ತಿಂಗಳಿಗೆ ಗೊಬ್ಬರವಾಗುತ್ತದೆ. ಊರು ತುಂಬ ಗುಂಡಿ ತೋಡಿ ಮುಚ್ಚುವುದನ್ನೇ ಮರೆಯುವ ಬೆಂಗಳೂರಿನ ಹೆಸರು ಲೋಕದ ಕೃಷಿ ಪುಸ್ತಕಗಳಲ್ಲಿ ಗುಂಡಿ ಮುಚ್ಚುವ ವಿಧಾನಕ್ಕೆ ಅಂಟಿಕೊಂಡಿದೆ ನೋಡಿ! ಪಾಲಿಕೆಯವರಿಗೆ ಯಾರಾದರೂ ಈ ವಿಷಯ ತಿಳಿಸಬಾರದೇ?

ಮೇಷ್ಟ್ರು ಇಂದೋರಿನ ಹೆಸರೆತ್ತಿದರೆ ಸೋಲುತ್ತಾರೆ ಎಂದು ನನಗೆ ಅನ್ನಿಸುವುದಕ್ಕೆ ಒಂದು ಕಾರಣವಿದೆ. ಮಳೆ ಜಾಸ್ತಿ ಇರುವ ಕಡೆ ನೆಲದ ಮೇಲೆ ಗುಡ್ಡೆ ಮಾಡಿ ಅದಕ್ಕೊಂದು ಮಾಡು ಹಾಕಿ ಎಂದು ಇಂದೋರ್ ಪದ್ಧತಿಯವರೂ ಹೇಳುತ್ತಾರೆ. ಗಾಳಿ ಬೇಕು ಎಂದವರು ಮಳೆಯೂ ಬೇಕು ಎಂದು ಎಲ್ಲೂ ಹೇಳಿಲ್ಲ.

ಮಳೆ ಏನು ಮಾಡುತ್ತದೆ ಎಂದು ನೋಡಬೇಕಾದರೆ ಆಷಾಢದ ಒಂದು ಜಡಿಮಳೆಯ ದಿನ ಕೊಡೆ ಹಿಡಿದು ತೆರೆದ ಗುಡ್ಡೆಯ ಪಕ್ಕ ನಿಂತುಕೊಳ್ಳಿ. ಬುಡದಿಂದ ಕಡು ಕಷಾಯದ ಬಣ್ಣದ ನೀರು ಹರಿದುಹೋಗುತ್ತಿರುತ್ತದೆ. ನೀರಿನಲ್ಲಿ ಕರಗುವ ಸಾರಜನಕ, ಪೊಟ್ಯಾಷ್ ಎಲ್ಲ ಅದರಲ್ಲೇ. ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲೂ ಸಾರಜನಕ ಇರುವುದು ನೂರಕ್ಕೆ ಹೆಚ್ಚುಕಡಿಮೆ ಅರ್ಧ ಪಾಲು. ಅದೂ ಚರಂಡಿ ಪಾಲಾದರೆ ಗಿಡಕ್ಕೆ ಉಳಿಯುವುದು ನಾರು ಮತ್ತು ನಮ್ಮ ಭಕ್ತಿ. ನಮ್ಮ ಹಿತ್ತಿಲಿನ ಇಳಿಜಾರು ಮ್ಯಾನೇಜರ ಕಾಂಪೌಂಡಿನ ಕಡೆಗಿದೆ. ಅವರ ತೆಂಗಿನ ಮರ ಎರಡು ವರ್ಷದಿಂದ ಕಾಯಿ ತೂಗಲಾರದೆ ತೂಗುತ್ತಿದೆ. ಪಾಪ, ಮುಚ್ಚಿ ಮುಚ್ಚಿ ಎಂದು ಅವರು ನನ್ನ ಪ್ರಾಣ ತಿನ್ನುತ್ತಿರುವುದು ಯಾರ ನಷ್ಟಕ್ಕೆ ಎಂದು ಅವರಿಗೇ ಗೊತ್ತಿಲ್ಲ. ನಾನೂ ಹೇಳಿಲ್ಲ.

ಬಿಸಿಲಿನ ಕಥೆ ಇನ್ನೊಂದು. ಹಸಿ ಸಗಣಿ, ಗಂಜಲ ಬಿಸಿಲಿಗೆ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಮೇಲಕ್ಕೆ ಹಾರುತ್ತದೆ, ಮೂಗಿಗೆ ಬಸ್‌ಸ್ಟ್ಯಾಂಡಿನ ನೆನಪಾಗುತ್ತದೆ. ತೇವ ಆರಿದ ಗುಡ್ಡೆಯನ್ನು ಅಗೆದರೆ ಒಳಗೆ ಬೂದಿ ಎರಚಿದ ಹಾಗೆ ಬೆಳ್ಳಗೆ ಬೂಷ್ಟು. ಕಾವೇನೋ ಎದ್ದಿತ್ತು, ನೀರು ಸಾಲದೆ ಕೆಲಸ ನಿಂತಿತು ಎಂದರ್ಥ.

ಅದಕ್ಕೇ ಭಾವನ ಊರಿನ ಶಾಸ್ತ್ರ ಚಿತ್ರದುರ್ಗಕ್ಕೆ ಒಗ್ಗುವುದಿಲ್ಲ. ಮಲೆನಾಡಿನವರು ಬೆಟ್ಟದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ಆ ಗೊಬ್ಬರಕ್ಕೆ ಮಾಡು ಕಟ್ಟಿ ಅಡಿಕೆ ಸೋಗೆ ಹೊದೆಸುತ್ತಾರೆ. ಅವರ ಶತ್ರು ಮಳೆ. ಬಯಲುಸೀಮೆಯವರು ನೆಲದಲ್ಲಿ ಗುಂಡಿ ತೋಡುತ್ತಾರೆ, ಮೇಲೆ ಮಣ್ಣೆಳೆಯುತ್ತಾರೆ. ಅವರಿಗೆ ತೇವ ಉಳಿದರೆ ಸಾಕು. ಬೆಂಗಳೂರಿನಲ್ಲಿ ಬೆಳಿಗ್ಗೆ ಚಿತ್ರದುರ್ಗ, ಸಂಜೆ ಆಗುಂಬೆ. ಹೀಗಾಗಿ ನಮಗೆ ಎರಡೂ ಕಾಟ.

ಮ್ಯಾನೇಜರ ಮಾತೇ ಸರಿ ಅಂತ ಗುಡ್ಡೆಗೆ ನೀಲಿ ಟಾರ್ಪಾಲು ಸುತ್ತಿ, ಸುತ್ತಲೂ ಇಟ್ಟಿಗೆ ಹೇರಿ ಬಂದೋಬಸ್ತು ಮಾಡುವವರೂ ಇದ್ದಾರೆ. ವಾರ ಬಿಟ್ಟು ತುದಿ ಎತ್ತಿದರೆ ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ರಾಚುತ್ತದೆ. ಅಡುಗೆಮನೆಯ ಹಸಿ ಕಸ, ತರಕಾರಿ ಸಿಪ್ಪೆ, ಉಳಿದ ಸಾರು ಎಲ್ಲ ಸೇರಿದ ಪೇಟೆ ಗುಡ್ಡೆಯಲ್ಲಿ ನೀರೇ ಹೆಚ್ಚು. ಮೇಲಿಂದ ಪ್ಲಾಸ್ಟಿಕ್ಕೂ ಬಿಗಿದರೆ ಗಾಳಿ ಬೇಡುವ ಸೂಕ್ಷ್ಮಜೀವಿಗಳು ಸತ್ತು, ಗಾಳಿ ಬೇಡದವು ದರ್ಬಾರು ನಡೆಸುತ್ತವೆ. ಆಚಾರ್ಯರ ಗುಂಡಿಯಲ್ಲೂ ಇದೇ ನಡೆಯುತ್ತದೆ, ಆದರೆ ಮೇಲಿನ ಮಣ್ಣು ನಾತ ಹೀರಿಕೊಳ್ಳುತ್ತದೆ. ಟಾರ್ಪಾಲಿಗೆ ಆ ದಯೆ ಇಲ್ಲ.

ಇಬ್ಬರ ಮಾತನ್ನೂ ಉಳಿಸಿದವರು ಮಹಾರಾಷ್ಟ್ರದ ನಾರಾಯಣರಾವ್ ಪಾಂಢರೀಪಾಂಡೆ. ಅವರ ನಾಡೆಪ್ ತೊಟ್ಟಿ ಸುಮಾರು ಹತ್ತಡಿ ಉದ್ದ, ಆರಡಿ ಅಗಲ, ಮೂರಡಿ ಎತ್ತರದ ಇಟ್ಟಿಗೆ ಗೋಡೆ. ಗೋಡೆಯ ತುಂಬ ಕಿಂಡಿ, ಮೇಲೆ ಮಾತ್ರ ಮಣ್ಣು ಸಗಣಿ ಸಾರಿಸಿದ ಮುಚ್ಚಿಗೆ. ನೆತ್ತಿ ಮುಚ್ಚಿತ್ತು, ಪಕ್ಕ ತೆರೆದಿತ್ತು. ಇದನ್ನು ಹೇಳಿದಾಗ ಮ್ಯಾನೇಜರು "ನಾನು ಹೇಳಿದ್ದೂ ಅದೇ" ಎಂದರು. ಮೇಷ್ಟ್ರೂ ಅದನ್ನೇ ಎಂದರು.

ನನ್ನ ತೀರ್ಪು ಗೋಣಿತಾಟಿನ ಪರ. ಹಳೆಯ ಗೋಣಿಚೀಲ ಬಿಚ್ಚಿ ಹೊದೆಸಿದರೆ ಬಿಸಿಲು ತಡೆಯುತ್ತದೆ, ಗಾಳಿ ಬಿಡುತ್ತದೆ, ಒಣಗಿದರೆ ಮೇಲೆಯೇ ನೀರು ಚಿಮುಕಿಸಬಹುದು. ಒಳಗಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದ. ಧಾರೆ ಇಳಿದರೆ ಗೋಣಿ ತೆಗೆದು ಒಣ ಎಲೆ ಸೇರಿಸಿ ತಿರುವಿ, ಉದುರಿಹೋದರೆ ನೀರು ಕೊಡಿ. ತಿರುವುವಾಗ ಹೆಬ್ಬೆರಳು ಗಾತ್ರದ, ಅರ್ಧಚಂದ್ರದಂತೆ ಮುದುಡಿದ ಬಿಳಿ ಹುಳು ಸಿಕ್ಕಿದರೆ ಕೋಳಿಗೆ ಹಾಕಿಬಿಡಿ. ಅದು ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿಯಿರಬಹುದು. ಮ್ಯಾನೇಜರ ತೆಂಗಿಗೆ ನನ್ನಿಂದ ಇಷ್ಟಾದರೂ ಉಪಕಾರ ಆಗಲಿ. ಬೆಚ್ಚಗಿನ ಗುಡ್ಡೆಯಲ್ಲಿ ಹಾವು ಮೊಟ್ಟೆಯಿಡುವುದೂ ಉಂಟು, ಬರಿಗೈ ಹಾಕುವ ಮೊದಲು ಕೋಲಿನಿಂದ ಕೆದಕಿ.

ಜಡಿಮಳೆಗೆ ಗೋಣಿ ಸಾಲದು. ಆಗ ನಾಲ್ಕು ಕಂಬ ನೆಟ್ಟು, ಗುಡ್ಡೆಗೆ ತಾಗದಂತೆ ಎರಡಡಿ ಮೇಲೆ ಯಾವುದಾದರೂ ಹಳೆಯ ಫ್ಲೆಕ್ಸ್ ಇಳಿಜಾರಾಗಿ ಕಟ್ಟಿ. ಹುಟ್ಟುಹಬ್ಬದ ಶುಭಾಶಯ ಕೋರುವ ನಾಯಕರ ಫ್ಲೆಕ್ಸಿಗೆ ನಮ್ಮಲ್ಲಿ ಬರವಿಲ್ಲ. ಮುಖ ಮೇಲಕ್ಕೇ ಇರಲಿ, ಬಣ್ಣ ಕಿತ್ತು ಗೊಬ್ಬರಕ್ಕೆ ಉದುರುವುದು ಬೇಡ. ಮಳೆಗಾಲ ಮುಗಿದ ಕೂಡಲೇ ಬಿಚ್ಚಿಬಿಡಿ. ಚುನಾವಣೆ ತನಕ ಅಲ್ಲೇ ಇಟ್ಟುಕೊಳ್ಳಬೇಡಿ, ಬಿಸಿಲಿಗೆ ಪುಡಿಯಾಗಿ ತೋಟದ ತುಂಬ ಹರಡುತ್ತದೆ.