ಕಾಲು ಸೆಕೆಂಡಿನ ಪಿಕಪ್

ಕಾರಿನ ಸ್ಟೀರಿಂಗ್ ಕೆಳಗೆ, ಮೊಣಕಾಲು ತಗಲುವ ಜಾಗದಲ್ಲಿ ಒಂದು ಪುಟ್ಟ ಸಾಕೆಟ್ ಇರುತ್ತದೆ. ಗಾಡಿ ಮುಷ್ಕರ ಹೂಡಿದಾಗ ಮೆಕ್ಯಾನಿಕ್ ಅದಕ್ಕೆ ಸ್ಕ್ಯಾನರ್ ಚುಚ್ಚಿ ಕಾಯಿಲೆ ಏನೆಂದು ಓದಿಕೊಳ್ಳುತ್ತಾನೆ. ಅದೇ ಸಾಕೆಟ್ಟಿಗೆ ಅಂಗೈಯಗಲದ ಟ್ಯೂನರ್ ಒಂದನ್ನು ಚುಚ್ಚಿ, ಎಂಜಿನ್ನನ್ನು ಆಳುವ ಇಸಿಯುವಿನ ಲೆಕ್ಕಾಚಾರವನ್ನೇ ತಿದ್ದಿ, ಪಿಕಪ್ ಹೆಚ್ಚಿಸಿಕೊಳ್ಳಬಹುದೆಂಬ ಸುದ್ದಿ ಕಿವಿಗೆ ಬಿದ್ದ ಮೇಲೆ ಮನುಷ್ಯ ನೆಮ್ಮದಿಯಿಂದ ಕಾರು ಓಡಿಸುವುದು ಕಷ್ಟ. ಈ ಯಂತ್ರ ದಂಡದ ಖರ್ಚು. ಇದರಿಂದ ಎಂಜಿನ್ನಿನ ಬಲ ಗುಲಗಂಜಿಯಷ್ಟೂ ಹೆಚ್ಚದೆ ಇರಬಹುದು. ಕೆಜಿಎಫ್‌ನಿಂದ ಬಂಗಾರಪೇಟೆಗೆ ಹೋಗಿಬರುವವನಿಗಂತೂ ಇದರ ಅಗತ್ಯ ಸುತರಾಂ ಇಲ್ಲ. ಇಷ್ಟನ್ನೂ ಮೊದಲೇ ಒಪ್ಪಿಕೊಂಡು, ಆದರೂ ಇದು ಬೇಕು ಎಂದು ವಾದಿಸಲು ಹೊರಟಿದ್ದೇನೆ. ಸೋಲುವ ಕೇಸಿಗೆ ವಕಾಲತ್ತು ಹಾಕುವುದರಲ್ಲೂ ಒಂದು ಸುಖವಿದೆ; ಫೀಸು ಕೊಡುವವನೂ ನಾನೇ ಆದ್ದರಿಂದ ಕೇಳುವವರಿಲ್ಲ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೊದಮೊದಲ ಮಾರುತಿ 800 ಇವುಗಳ ಕಾಲದಲ್ಲಿ ಆಕ್ಸಿಲರೇಟರಿಗೂ ಕಾರ್ಬ್ಯುರೇಟರಿಗೂ ನಡುವೆ ಒಂದು ಕೇಬಲ್ಲೋ ಸರಳೋ ಇತ್ತು, ಅಷ್ಟೆ. ಕಾಲು ಒತ್ತಿದಷ್ಟು ಥ್ರಾಟಲ್ ತೆರೆಯಿತು. ಕೇಬಲ್ ಹರಿದರೆ ಗಾಡಿ ನಿಂತಿತು. ಈಗಿನ ಪೆಟ್ರೋಲ್ ಕಾರಿನಲ್ಲಿ ಕಾಲಿನ ಕೆಳಗಿರುವುದು ಸೆನ್ಸರ್, ಅದೂ ಒಂದರ ಮಾತನ್ನು ಇನ್ನೊಂದು ತಾಳೆ ನೋಡಲೆಂದು ಜೋಡಿಯಾಗಿ. ಅವು ‘ಯಜಮಾನರು ಇಷ್ಟು ಒತ್ತಿದ್ದಾರೆ’ ಎಂದು ಇಸಿಯುವಿಗೆ ವರದಿ ಒಪ್ಪಿಸುತ್ತವೆ. ಇಸಿಯು ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ, ಒಳಬರುವ ಗಾಳಿ ಎಷ್ಟು ಬಿಸಿ, ಕೂಲೆಂಟ್ ಎಷ್ಟು ಬಿಸಿ ಎಂದು ವಿಚಾರಿಸಿ, ಇಷ್ಟಕ್ಕೆ ಇಷ್ಟು ಎಂದು ಬರೆದಿಟ್ಟ ತನ್ನ ಮ್ಯಾಪ್ ನೋಡಿ, ಆಮೇಲೆ ಥ್ರಾಟಲ್ ತೆರೆಯುವ ಪುಟ್ಟ ಮೋಟಾರಿಗೆ ಅಪ್ಪಣೆ ಕೊಡುತ್ತದೆ. ಯಜಮಾನರು ಅರ್ಧ ಕೇಳಿದರೆ ಕಾಲು ಭಾಗ ಮಂಜೂರು. ಇದು ಸೋಮಾರಿತನವಲ್ಲ. ಒಂದು ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಎಂಬ ಹದ ತಪ್ಪದಿದ್ದರೆ ಮಾತ್ರ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯನ್ನು ಸರಿಯಾಗಿ ತೊಳೆಯುತ್ತದೆ. ಥಟ್ಟನೆ ಬಾಯಿ ತೆರೆದ ಥ್ರಾಟಲ್ ಆ ಹದ ಕೆಡಿಸುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲೆ ಕಂಪನಿಗಳು ಇನ್ನಷ್ಟು ಹುಷಾರಾದವು. ಗೇರುಬಾಕ್ಸ್ ಜರ್ಕ್ ಹೊಡೆಯಬಾರದು, ಜಾಹೀರಾತಿನ ಮೈಲೇಜಿಗೆ ಕುಂದು ಬರಬಾರದು ಎಂಬ ಕಾಳಜಿಗಳೂ ಇವೆ. ಟ್ಯೂನರ್ ಮಾಡುವುದು ಈ ಮ್ಯಾಪನ್ನು ತಿದ್ದುವ ಕೆಲಸ. ಟರ್ಬೊ ಇದ್ದ ಎಂಜಿನ್ನಾದರೆ ಗಾಳಿಯ ಒತ್ತಡ ಏರಿಸಿ ನಿಜವಾಗಿಯೂ ಬಲ ಹೆಚ್ಚಿಸಬಹುದು. ಟರ್ಬೊ ಇಲ್ಲದ ಸಾಧು ಎಂಜಿನ್ನಿನಲ್ಲಿ ಮುಖ್ಯವಾಗಿ ಬದಲಾಗುವುದು ಒಂದೇ: ಪೆಡಲಿನ ಕೊನೆಯಲ್ಲಿ ಸಿಗುತ್ತಿದ್ದದ್ದು ಈಗ ಮೊದಲಿಗೇ ಸಿಗುತ್ತದೆ.

‘ಹಾಗಾದರೆ ಇನ್ನೊಂದಿಷ್ಟು ಜೋರಾಗಿ ಒತ್ತಪ್ಪ, ಪೆಡಲಿಗೇನು ಬಾಡಿಗೆಯೇ?’ ಎನ್ನುವವರು ಇದ್ದೇ ಇರುತ್ತಾರೆ. ಅವರ ಲೆಕ್ಕ ಸರಿ. ಪೂರ್ತಿ ಒತ್ತಿದಾಗ ಟ್ಯೂನ್ ಮಾಡಿದ ಸಾಧು ಎಂಜಿನ್ನಿಗೂ ಮಾಡದ ಸಾಧು ಎಂಜಿನ್ನಿಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಇವರಿಗೆ ಉತ್ತರ ಕೊಡಲು ಗಣಿಗೇ ಇಳಿಯಬೇಕು. ಕೆಜಿಎಫ್‌ನ ಚಿನ್ನದ ಗಣಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಶಾಫ್ಟಿನಲ್ಲಿ ಕೇಜನ್ನು ಏರಿಸಿ ಇಳಿಸುವ ವೈಂಡಿಂಗ್ ಎಂಜಿನ್ ಡ್ರೈವರ್ ಮೇಲೆ ಎಂಜಿನ್ ಮನೆಯಲ್ಲಿ ಕೂತಿರುತ್ತಿದ್ದ. ಪಾತಾಳದಲ್ಲಿ ಕೇಜು ಹತ್ತಿದವರು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಅವನಿಗೆ ತಲುಪುತ್ತಿದ್ದದ್ದು ಗಂಟೆ ಮಾತ್ರ. ನಮ್ಮ ಗಣಿ ನಿಯಮಗಳ ಪ್ರಕಾರ ಕೇಜು ನಿಂತಿದ್ದಾಗ ಒಂದು ಗಂಟೆ ಹೊಡೆದರೆ ಮೇಲೆತ್ತು ಎಂದರ್ಥ, ಚಲಿಸುತ್ತಿದ್ದಾಗ ಅದೇ ಒಂದು ಗಂಟೆಗೆ ನಿಲ್ಲಿಸು ಎಂದರ್ಥ. ಎರಡಕ್ಕೆ ಇಳಿಸು. ಮೂರು ಹೊಡೆದರೆ ಮನುಷ್ಯರು ಹತ್ತುವವರಿದ್ದಾರೆ, ಜೋಪಾನ. ಒಂದೇ ಸಂಕೇತಕ್ಕೆ ಸಂದರ್ಭ ನೋಡಿ ಬೇರೆ ಅರ್ಥ: ಇಸಿಯುವಿನ ಮ್ಯಾಪ್ ಎಂಬುದು ಇದೇ. 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟ್ ತರಿಸಿಕೊಂಡ ಊರಿಗೆ ತಂತಿಯ ಮೂಲಕ ಥ್ರಾಟಲ್ ಎಂಬುದೇನು ಹೊಸ ಸಂಗತಿಯಲ್ಲ. ಆದರೆ ಗಣಿಯ ಪದ್ಧತಿಯಲ್ಲಿ ಒಂದು ಸೌಜನ್ಯವಿತ್ತು. ಮೂರು ಗಂಟೆ ಹೊಡೆದರೆ ಮೇಲಿನಿಂದ ಮೂರು ಗಂಟೆ ಮರುದನಿ ಬರಬೇಕು. ಅದು ಬಂದ ಮೇಲೆಯೇ ಕೇಜಿಗೆ ಕಾಲಿಡುವುದು. ಕೇಳಿಸಿತು ಎಂಬ ಉತ್ತರ ಮೊದಲು, ಚಲನೆ ಆಮೇಲೆ. ನಮ್ಮ ಪೆಡಲಿನಲ್ಲಿ ಕೊರತೆಯಿರುವುದು ಈ ಮರುಗಂಟೆಯದು. ಒತ್ತಿದ ಕಾಲು ಸೆಕೆಂಡು ಗಾಡಿ ಕೇಳಿಸಿಕೊಂಡಿತೋ ಇಲ್ಲವೋ ತಿಳಿಯದು. ಟ್ಯೂನರಿಗೆ ಕಾಸು ಸುರಿಯುವವನು ವೇಗ ಕೊಳ್ಳುತ್ತಿಲ್ಲ, ಉತ್ತರ ಕೊಳ್ಳುತ್ತಿದ್ದಾನೆ. ಇನ್ನಷ್ಟು ಒತ್ತು ಎನ್ನುವವರು, ಉತ್ತರ ಕೊಡದ ಕಚೇರಿಗೆ ಇನ್ನೊಂದು ಅರ್ಜಿ ಹಾಕು ಎಂದು ಉಪದೇಶ ಮಾಡಿದ ಹಾಗಾಯಿತು. ಈ ಉಪದೇಶವನ್ನು ಕೆಜಿಎಫ್‌ನಲ್ಲಿ ನಿಂತು ಹೇಳಬಾರದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಾಕಿ ಹಣಕ್ಕೆ, ಕಾಲೊನಿಯ ಮನೆಗೆ, ಗಣಿ ಮತ್ತೆ ತೆರೆಯುವ ಭರವಸೆಗೆ ಅಲ್ಲಿಯ ಕುಟುಂಬಗಳು ಹೊಡೆದ ಗಂಟೆಗಳಿಗೆ ಲೆಕ್ಕವಿಲ್ಲ. ಕಾಯುತ್ತ ಕೂರಲಾಗದವರು ಕತ್ತಲಿರುವಾಗಲೇ ಎದ್ದು ಬೆಂಗಳೂರಿನ ರೈಲು ಹತ್ತುತ್ತಾರೆ. ಕಾಲು ಸೆಕೆಂಡಿನ ನೋವು ತೋಡಿಕೊಳ್ಳಲು ಇದಕ್ಕಿಂತ ಮುಜುಗರದ ಜಾಗ ಸಿಗಲಾರದು. ತೋಡಿಕೊಳ್ಳುವ ಚಪಲವೇನೋ ಇದರಿಂದ ಕಡಿಮೆಯಾಗಿಲ್ಲ.

ಕೈಯಲ್ಲಿ ಹಿಡಿಯುವ ಈ ಟ್ಯೂನರ್ ಹೆಚ್ಚಾಗಿ ಅಮೆರಿಕದ ದೈತ್ಯ ಟ್ರಕ್ಕುಗಳ ಸಂಸಾರದಲ್ಲಿ ಬೆಳೆದದ್ದು. ನಮ್ಮಲ್ಲಿ ಲ್ಯಾಪ್‌ಟಾಪ್ ಹಿಡಿದು ಬರುವ ರೀಮ್ಯಾಪ್ ಪಂಡಿತರೂ, ಸೆನ್ಸರಿಗೂ ಇಸಿಯುವಿಗೂ ನಡುವೆ ಕೂತು ಚಾಡಿ ಹೇಳುವ ಪೆಟ್ಟಿಗೆಗಳೂ ಹೆಚ್ಚು. ಆದರೂ ಕೈಯಂತ್ರಕ್ಕೆ ನನ್ನ ಓಟು, ಏಕೆಂದರೆ ಅದರಲ್ಲಿ ನಾಟಕವಿದೆ. ಮೊದಲು ಅದು ಕಂಪನಿಯ ಮೂಲ ಮ್ಯಾಪನ್ನು ಓದಿ ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಹೊಸದನ್ನು ಬರೆಯಲು ಶುರು. ಈಗ ಪುಟ್ಟ ಪರದೆಯ ಮೇಲೆ ಶೇಕಡಾವಾರು ಅಂಕಿ. ಕೀ ಆನ್, ಎಂಜಿನ್ ಆಫ್. ನಡುವೆ ಬ್ಯಾಟರಿ ಸೋತರೆ ಇಸಿಯು ಅರೆಜ್ಞಾನಿಯಾಗಿ ಉಳಿದು, ಕಾರು ಟೋ ಮಾಡುವ ವಾಹನದ ಪಾಲಾಗಬಹುದು. ಹಾಗಾಗಿ ಎಸಿ ಬೇಡ, ಫ್ಯಾನ್ ಬೇಡ, ಹಾಡು ಬೇಡ. ಬಾಗಿಲು ತೆರೆದರೆ ಮೇಲಿನ ದೀಪ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಇಳಿಯುವಂತಿಲ್ಲ. ಕಿಟಕಿ ಇಳಿಸಲೂ ಕರೆಂಟೇ ಬೇಕು. ಕೋಲಾರ ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ, ಗಾಜು ಏರಿಸಿದ ಕಾರಿನೊಳಗೆ, ಒಬ್ಬ ಗೃಹಸ್ಥ 37ರ ಮೇಲೆ ದೃಷ್ಟಿ ನೆಟ್ಟು ಕೂತಿದ್ದಾನೆಂದು ಭಾವಿಸಿ. 37 ಕದಲುವುದಿಲ್ಲ. ಬೆವರು ಹುಬ್ಬಿನಿಂದ ಮೂಗಿಗೆ ಇಳಿಯುತ್ತದೆ. ಒರೆಸಿಕೊಳ್ಳಲು ಕೈಯೆತ್ತಿದರೆ ಮೊಣಕೈ ಹಾರನ್ನಿಗೆ ತಗಲೀತು, ಹಾರನ್ನೂ ಬ್ಯಾಟರಿಯದೇ ಅನ್ನ ತಿನ್ನುವುದು. 38. ರಾಬರ್ಟ್‌ಸನ್‌ಪೇಟೆಯ ಬೀದಿಯಾದರೆ ದಾರಿಹೋಕ ಬಗ್ಗಿ ನೋಡಿ, ಗಾಡಿ ನಿಂತುಹೋಯಿತೇ ಎಂದು ತಮಿಳಿನಲ್ಲಿ ‘ಎನ್ನ ಸಾರ್, ವಂಡಿ ನಿನ್ನುಪೋಚ್ಚಾ?’ ಎಂದು ಗಾಜು ತಟ್ಟದೆ ಬಿಡುವುದಿಲ್ಲ. ಇವನು ಗಾಜಿನೊಳಗಿಂದಲೇ ಎಲ್ಲವೂ ಸುಗಮವೆಂದು ಕೈಸನ್ನೆ ಮಾಡುತ್ತಾನೆ. ಹೊರಗಿನವನಿಗೆ ಅದು ಉಸಿರುಗಟ್ಟಿದವನ ಸನ್ನೆಯಾಗಿ ಕಾಣುತ್ತದೆ. ಇನ್ನಿಬ್ಬರು ಸೇರುತ್ತಾರೆ. ಒಬ್ಬ ಬಾಗಿಲಿನ ಹಿಡಿಗೆ ಕೈಹಾಕುತ್ತಾನೆ. ಒಳಗಿನವನು ಹಿಡಿಯನ್ನು ಎರಡೂ ಕೈಯಲ್ಲಿ ಎಳೆದು ಹಿಡಿದು, ತನ್ನನ್ನು ಕಾಪಾಡಲು ಬಂದವರ ಜೊತೆ ಮೌನವಾಗಿ ಹಗ್ಗಜಗ್ಗಾಟ ಆಡುತ್ತಾನೆ. 39. ಕಾಲು ಸೆಕೆಂಡು ಕಾಯಲಾರದೆ ಯಂತ್ರ ಕೊಂಡವನು ಇಷ್ಟು ಹೊತ್ತು ಇಷ್ಟು ಸಹನೆಯಿಂದ ಕೂತದ್ದು ಸಾಮಾನ್ಯ ತಪಸ್ಸೇ?

ಇಷ್ಟಾಗಿ ಉಳಿತಾಯವೆಷ್ಟು? ಕೆಜಿಎಫ್‌ನಿಂದ ಬಂಗಾರಪೇಟೆಗೆ 15-16 ಕಿಲೋಮೀಟರು. ಹಂಪು, ಹೊಂಡ, ಕುರಿಮಂದೆ, ಎದುರಿಗೆ ನುಗ್ಗುವ ಆಟೊ ಎಲ್ಲ ಸೇರಿ ನಲವತ್ತು ಸಲ ನಿಧಾನಿಸಿ ಮತ್ತೆ ಒತ್ತಬೇಕೆಂದು ಇಟ್ಟುಕೊಳ್ಳಿ. ಸಲಕ್ಕೆ ಕಾಲು ಸೆಕೆಂಡಿನಂತೆ ಹತ್ತು ಸೆಕೆಂಡು. ಅಲ್ಲಿಗೆ ಹೋಗುವುದೇ ಪಾನಿಪೂರಿಗೆ; ಪಾನಿಪೂರಿ ಗಾಡಿಯ ಮುಂದೆ ಹತ್ತು ಸೆಕೆಂಡು ಮೊದಲು ನಿಂತವನಿಗೆ ಪ್ಲೇಟು ಬೇಗ ಸಿಗುತ್ತದೆಂಬ ಖಾತ್ರಿಯಿಲ್ಲ. ಮಿಗಿಲಾಗಿ ಬಂಗಾರಪೇಟೆಯ ಪಾನಿ ಬಣ್ಣವಿಲ್ಲದ ತಿಳಿನೀರು. ನೋಡಲು ಪಾಪದ್ದು, ಬಾಯಿಗೆ ಹೋಗಿ ಒಂದು ಗಳಿಗೆ ಕಳೆದ ಮೇಲೆ ಖಾರ ತನ್ನ ಬಲ ತೋರಿಸುತ್ತದೆ. ಆ ತಡವೇ ಅದರ ಕೀರ್ತಿ, ಯಾರೂ ಅದನ್ನು ಟ್ಯೂನ್ ಮಾಡಲು ಹೋಗಿಲ್ಲ. ಇನ್ನು ಬುಲ್ಡೋಜರ್ ತಯಾರಿಸುವ ಬೆಮೆಲ್ ಕಾರ್ಖಾನೆಯಿರುವ ಕೆಜಿಎಫ್‌ನಲ್ಲಿ ಪೆಡಲಿನ ಬಗ್ಗೆ ಜಂಬ ಕೊಚ್ಚುವುದೂ ಅಪಾಯ. ಬುಲ್ಡೋಜರಿನಲ್ಲಿ ಸಾಮಾನ್ಯವಾಗಿ ಎಂಜಿನ್ ವೇಗವನ್ನು ಲಿವರಿನಿಂದ ಏರಿಸಿಟ್ಟು, ಕಾಲಿನ ಪೆಡಲ್ ಒತ್ತಿ ಅದನ್ನು ತಗ್ಗಿಸುತ್ತಾರೆ. ಒತ್ತಿದರೆ ನಿಧಾನವಾಗುವ ಪೆಡಲಿಗೆ ಪಳಗಿದವರ ಮುಂದೆ, ಒತ್ತಿದರೆ ಬೇಗ ಓಡಲಿಲ್ಲವೆಂದು ಅಳುವುದು ಹೇಗೆ?

ಗಂಭೀರ ಆಕ್ಷೇಪಗಳೂ ಇವೆ. ವಾರಂಟಿ ಹೋಗಬಹುದು. ಮೂಲ ಮ್ಯಾಪನ್ನು ವಾಪಸು ಬರೆದು ಸರ್ವಿಸಿಗೆ ಕೊಡುತ್ತೇನೆ ಎಂಬ ಜಾಣರಿಗೆ, ಎಷ್ಟು ಸಲ ಬರೆಯಲಾಗಿದೆ ಎಂದು ಲೆಕ್ಕವಿಡುವ ಇಸಿಯುಗಳೂ ಇವೆ ಎಂಬುದು ನೆನಪಿರಲಿ. ಮೈಲೇಜ್ ಇಳಿಯುತ್ತದೆ, ದೂಷಿಸಬೇಕಾದ್ದು ಯಂತ್ರವನ್ನಲ್ಲ, ಹೊಸ ಆಟಿಕೆ ಸಿಕ್ಕ ಕಾಲನ್ನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಗಳಿಗೆ ಆರ್‌ಸಿ ಹೊಂದದಂತೆ ಗಾಡಿ ಮಾರ್ಪಡಿಸಬೇಡಿ ಎನ್ನುತ್ತದೆ. 2019ರ ತಿದ್ದುಪಡಿ ಪ್ರತಿ ಅಕ್ರಮ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು ಎರಡನ್ನೂ ತೋರಿಸಿ ಹೆದರಿಸುತ್ತದೆ. ಪೆಡಲಿನ ಸ್ವಭಾವ ಆರ್‌ಸಿಯಲ್ಲಿ ನಮೂದಾಗುವುದಿಲ್ಲವಲ್ಲ ಎಂದು ಜಾರಿಕೊಳ್ಳಬಹುದು. ಆದರೆ ಹೊಗೆಯ ಲೆಕ್ಕ ಕೆಡಿಸುವ ಟ್ಯೂನನ್ನು ಸಮರ್ಥಿಸುವಷ್ಟು ಲಜ್ಜೆಗೆಟ್ಟ ವಕೀಲ ನಾನಲ್ಲ. ‘ಕೆಜಿಎಫ್’ ಸಿನಿಮಾ ನೋಡಿ ಬಂದು ಗಣಿಯ ಸೈನೈಡ್ ದಿಬ್ಬದ ಬುಡದಲ್ಲಿ ಸೈಲೆನ್ಸರ್ ಸಿಡಿಸುತ್ತ ರೀಲ್ಸ್ ಮಾಡುವ ಮಂದಿಯ ಪರವೂ ನಾನಿಲ್ಲ. ಅವರಿಗೆ ಬೇಕಾದದ್ದು ಗಾಡಿಯ ಉತ್ತರವಲ್ಲ, ಊರಿನದು, ಮತ್ತು ಊರು ಏನು ಉತ್ತರ ಕೊಡುತ್ತದೆಂಬುದನ್ನು ಇಲ್ಲಿ ಬರೆಯಲಾಗದು. ನನ್ನ ಕಕ್ಷಿದಾರ ಪೆಡಲಿನ ಮ್ಯಾಪ್ ಮಾತ್ರ ತಿದ್ದುವವನು, ಅದೂ ಇರುವುದರಲ್ಲಿ ಅತ್ಯಂತ ಸೌಮ್ಯವಾದದ್ದಕ್ಕೆ.

ಉತ್ತರ ಹೊಳೆಯದಿರುವುದು ಹಿಂದಿನ ಸೀಟಿನವರ ಆಕ್ಷೇಪಕ್ಕೆ. ಕಾಲು ತನ್ನದಾದ್ದರಿಂದ ಚಾಲಕನ ಕತ್ತಿಗೆ ಜರ್ಕ್ ಬರುವುದು ಮೊದಲೇ ಗೊತ್ತು; ಹಿಂದೆ ಕೂತ ಅತ್ತೆಯವರಿಗೆ ಗೊತ್ತಿಲ್ಲ. ಪ್ರತಿ ಹಂಪಿನ ನಂತರ ಅವರ ತಲೆ ಸೀಟಿಗೆ ಬಡಿದು, ಅಳಿಯನ ಮಾತಿಗೆಲ್ಲ ಹೌದುಹೌದು ಎಂದಂತೆ ಅಲ್ಲಾಡುತ್ತದೆ, ಮನಸ್ಸಿನಲ್ಲಿರುವುದು ಬೇರೆಯೇ ಆದರೂ. ಅವರಿಗೆ 1894ರಷ್ಟು ಹಿಂದೆಯೇ ವ್ಯವಸ್ಥೆ ಮಾಡಲಾಗಿದೆ: ಮಾರಿಕುಪ್ಪಂನಲ್ಲೋ ಊರಗಾಂನಲ್ಲೋ ರೈಲು ಹತ್ತಿ, ಕಿಟಕಿ ಪಕ್ಕ ಕೂತು, ಬಂಗಾರಪೇಟೆಯಲ್ಲಿ ಇಳಿಯಲಿ. ನಾವು ಹತ್ತು ಸೆಕೆಂಡು ಮೊದಲೇ ಹೋಗಿ ಪಾನಿಪೂರಿಗೆ ಹೇಳಿರುತ್ತೇವೆ.