ನೆಲದಡಿಯ ಟ್ಯಾಂಕ್ ಸಾಹೇಬರಿಗೊಂದು ಬಹಿರಂಗ ಪತ್ರ

ಸೊಲ್ಲಾಪುರದಿಂದ ಅಕ್ಕಲಕೋಟೆಯವರೆಗೆ ರಸ್ತೆಯ ಎರಡೂ ಬದಿಗೆ ನೆಲದೊಳಗೆ ತಣ್ಣಗೆ ಮಲಗಿರುವ ಸಮಸ್ತ ಪೆಟ್ರೋಲ್, ಡೀಸೆಲ್ ಟ್ಯಾಂಕ್ ಸಾಹೇಬರಿಗೆ ಶರಣು ಶರಣಾರ್ಥಿ.

ನೀವು ಸೋರುತ್ತಿದ್ದೀರಿ ಎಂದು ನಾವು ಹೇಳುತ್ತಿಲ್ಲ. ಹೇಳಲಿಕ್ಕೆ ನಮ್ಮ ಕೈಯಲ್ಲಿ ಪುರಾವೆಯಿಲ್ಲ. ಸೋರುತ್ತಿಲ್ಲ ಎನ್ನಲಿಕ್ಕೆ ಬಾವಿ ನೀರಿನ ವರದಿ ಹಿಡಿದು ನೀವು ಊರ ಮುಂದೆ ಬಂದದ್ದನ್ನೂ ನಾವು ಕಂಡಿಲ್ಲ. ಈ ಸಮಬಲದ ಮೇಲೆಯೇ ನಮ್ಮ ನಿಮ್ಮ ಸ್ನೇಹ ನಡೆದಿದೆ. ನೆಲದ ಮೇಲಿರುವ ನಿಮ್ಮ ತಮ್ಮ ನಾಝಲ್‌ನ ಪಾಡು ಮಾತ್ರ ಯಾರಿಗೂ ಬೇಡ. ತೂಕ-ಅಳತೆ ಇಲಾಖೆಯವರು ಐದು ಲೀಟರಿನ ಪಾತ್ರೆ ಹಿಡಿದು ಬಂದು, ಗಿರಾಕಿಗೆ 25 ಮಿಲಿಲೀಟರಿಗಿಂತ ಹೆಚ್ಚು ಕಡಿಮೆ ಬಿದ್ದರೆ ಅವನನ್ನು ಹಿಡಿದು ನಿಲ್ಲಿಸುತ್ತಾರೆ. ಭೂಮಿತಾಯಿಗೆ ಎಷ್ಟು ಬಿತ್ತೆಂದು ಅಳೆಯುವ ಪಾತ್ರೆ ಯಾರ ಬಳಿಯೂ ಇಲ್ಲ. ಆಕೆ ಬಿಲ್ಲು ಕೇಳುವ ಗಿರಾಕಿಯಲ್ಲ ನೋಡಿ.

ನಿಮ್ಮ ಪರವಾಗಿ ಸಾಕ್ಷಿ ಹೇಳುವುದು ಡಿಪ್ ರಾಡು. ಬೆಳಿಗ್ಗೆ ಪಂಪಿನ ಹುಡುಗ ಅದನ್ನು ಇಳಿಸಿ, ಒದ್ದೆಯಾದ ಗೆರೆ ನೋಡಿ ಬುಕ್ಕಿನಲ್ಲಿ ಬರೆಯುತ್ತಾನೆ. ಎರಡು ಮೀಟರ್ ವ್ಯಾಸದ, 20,000 ಲೀಟರ್ ಹಿಡಿಯುವ ಟ್ಯಾಂಕು ಅಡ್ಡ ಮಲಗಿ ಅರ್ಧ ತುಂಬಿದೆ ಎನ್ನಿ. ಗೆರೆ ಎರಡು ಮಿಲಿಮೀಟರ್ ತಪ್ಪಿದರೆ 25 ಲೀಟರ್ ಆಚೀಚೆ. ಸೆಕೆಂಡಿಗೊಂದು ಹನಿಯಂತೆ ಸೋರಿದರೆ ದಿನಕ್ಕೆ ನಾಲ್ಕು ಲೀಟರ್ ಚಿಲ್ಲರೆ, ವರ್ಷಕ್ಕೆ ಸುಮಾರು 1,500 ಲೀಟರ್. ಗೆರೆಯ ತಪ್ಪಿನೊಳಗೆ ಇಂಥ ಸೋರಿಕೆ ಆರಾಮಾಗಿ ಕಾಲು ಚಾಚಿಕೊಂಡಿರಬಹುದು. ಉಳಿದದ್ದಕ್ಕೆ ಸೊಲ್ಲಾಪುರದ ಬೇಸಿಗೆ ಇದ್ದೇ ಇದೆ: ಬಿಸಿಲಿಗೆ ಹಾರಿತು ಎಂದು ಬರೆದರೆ ಮುಗಿಯಿತು. ಈಗ ಆಟೊಮ್ಯಾಟಿಕ್ ಗೇಜು ಬಂದಿದೆಯಲ್ಲ ಎನ್ನುತ್ತೀರಿ. ಅದು ರಾಡಿಗಿಂತ ಚುರುಕು, ಒಪ್ಪಿದೆವು. ಆದರೆ ಅದು ನೋಡುವುದು ನಿಮ್ಮ ಹೊಟ್ಟೆಯನ್ನು; ಹೊಟ್ಟೆಯಿಂದ ಡಿಸ್ಪೆನ್ಸರಿಗೆ ಮಣ್ಣಿನಡಿ ಹೋಗುವ ಪೈಪಿನ ಬೆಸುಗೆಗಳನ್ನಲ್ಲ.

ನಾಲ್ಕು ಲೀಟರಿಗೆ ಇಷ್ಟೊಂದು ರಗಳೆಯೇ ಎಂದು ಕೇಳಬೇಡಿ. ಬಿಎಸ್-6 ಪೆಟ್ರೋಲಿನಲ್ಲಿ ಶೇಕಡಾ 1ರವರೆಗೆ ಬೆಂಜೀನ್ ಇರಬಹುದು. ಅದು ರಕ್ತದ ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಹಾಕಿದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಒಂದೇ ಲೀಟರ್ ಪೆಟ್ರೋಲಿನ ಬೆಂಜೀನ್ ಪೂರ್ತಿ ಕರಗಿದರೆ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರು ಆ ಮಿತಿ ಮುಟ್ಟುತ್ತದೆ. ಪೂರ್ತಿ ಕರಗುವುದಿಲ್ಲ, ಒಂದಿಷ್ಟು ಹಾರಿಹೋಗುತ್ತದೆ, ಒಂದಿಷ್ಟನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಹತ್ತರಲ್ಲಿ ಒಂಬತ್ತು ಪಾಲು ಬಿಟ್ಟುಕೊಟ್ಟರೂ ಎಂಬತ್ತು ಸಾವಿರ ಲೀಟರ್ ಉಳಿಯಿತು. ನೀರು ನಾತ ಹೊಡೆದಿದ್ದರೆ ಜನ ಸುಮ್ಮನಿರುತ್ತಿದ್ದರೇ ಎಂಬುದು ನಿಮ್ಮ ಮುಂದಿನ ಮಾತು. ನೀರಿನಲ್ಲಿ ಬೆಂಜೀನ್ ಮೂಗಿಗೆ ಹತ್ತುವುದು ಲೀಟರಿಗೆ ಸುಮಾರು 10 ಮಿಲಿಗ್ರಾಂ ಆದಾಗ, ಅಂದರೆ ಮಿತಿಯ ಸಾವಿರ ಪಟ್ಟು. ಪೆಟ್ರೋಲಿನ ಬೇರೆ ಅಂಶಗಳು ಅದಕ್ಕಿಂತ ಮೊದಲೇ ನಾರಬಹುದು, ನಿಜ. ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ಪೈಪ್‌ಲೈನ್ ಸೋರಿದ್ದನ್ನು ಹಿಡಿದುಕೊಟ್ಟದ್ದು ಅಲ್ಲಿಯ ನಿವಾಸಿಗಳ ಮೂಗೇ. ಆದರೆ ಆ ಹೊತ್ತಿಗೆ ಡೀಸೆಲ್ ಅವರ ಮನೆಯ ಬೋರಿಗೇ ಬಂದಾಗಿತ್ತು.

ಇದು ಕರಿಕಲ್ಲಿನ ಸೀಮೆ, ಕಲ್ಲಿನೊಳಗೆ ಏನು ಇಳಿದೀತು ಎಂಬ ಧೈರ್ಯವೂ ನಿಮಗಿದೆ. ದಖನಿನ ಈ ಕಲ್ಲು ತಾನಾಗಿ ನೀರು ಹೀರುವುದಿಲ್ಲ; ಮೇಲಿನ ಮುರುಮು, ಕೆಳಗಿನ ಬಿರುಕು, ಇವೇ ಇಲ್ಲಿ ಅಂತರ್ಜಲದ ಮನೆ. ಮರಳಿನಲ್ಲಾದರೆ ಎಣ್ಣೆ ಯಾವ ದಿಕ್ಕಿಗೆ ಹೋದೀತೆಂದು ಅಂದಾಜು ಕಟ್ಟಬಹುದು. ಬಿರುಕಿನ ದಾರಿ ಹಿಡಿದದ್ದು ಪಕ್ಕದ ಬಾವಿಯನ್ನು ಬಿಟ್ಟು ಅದರಾಚೆಯ ಬೋರಿಗೆ ಹೋಗಿ ಸೇರಬಹುದು. ನಲ್ಲಿಗೆ ಕೆಲವು ದಿನಕ್ಕೊಮ್ಮೆ ಉಜನಿ ಅಣೆಕಟ್ಟಿನ ನೀರು ಬರುವ ಸೊಲ್ಲಾಪುರದಲ್ಲಿ ನಡುವಿನ ದಿನಗಳನ್ನು ದೂಡುವುದು ಇಂಥ ಬೋರುಗಳೇ.

ಇನ್ನು ಮಳೆಗಾಲ. ಪೆಟ್ರೋಲಿನಲ್ಲಿ ನೀರು ಬಂತು, ಗಾಡಿ ನಿಂತಿತು ಎಂಬ ಗಲಾಟೆ ಎದ್ದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ನೀರು ಒಳಗೆ ಹೇಗೆ ಬಂತು? ಆ ಬಾಗಿಲಿನಿಂದ ಪೆಟ್ರೋಲ್ ಹೊರಗೆ ಹೋಯಿತೇ ಎಂದು ಕೇಳುವವರಿಲ್ಲ. ನೀರು ಮೇಲಿನ ಮುಚ್ಚಳದಿಂದಲೂ ಇಳಿದಿರಬಹುದು, ತಳದಲ್ಲಿ ತೂತೇ ಬಿದ್ದಿರಬೇಕೆಂದಿಲ್ಲ. ಯಾವುದೆಂದು ನೋಡುವುದಕ್ಕೇ ತನಿಖೆ ಎನ್ನುತ್ತಾರೆ. ಪೆಟ್ರೋಲಿಗೆ ಈಗ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವುದರಿಂದ ಸ್ವಲ್ಪಸ್ವಲ್ಪ ನೀರನ್ನು ಅದೇ ಹೀರಿಕೊಂಡು ಬಚ್ಚಿಡುತ್ತದೆ. ಸೋರಿದ ಮೇಲೂ ಅದರ ಉಪಕಾರ ನಿಲ್ಲುವುದಿಲ್ಲ: ಸೂಕ್ಷ್ಮಜೀವಿಗಳು ಮೊದಲು ಎಥೆನಾಲನ್ನೇ ತಿಂದು ನೆಲದ ಆಮ್ಲಜನಕ ಖಾಲಿ ಮಾಡುತ್ತವೆ, ಬೆಂಜೀನ್ ಇನ್ನಷ್ಟು ಕಾಲ, ಇನ್ನಷ್ಟು ದೂರ ಉಳಿಯುತ್ತದೆ. ಸಕ್ಕರೆ ಕಾರ್ಖಾನೆಗಳ ಈ ಜಿಲ್ಲೆಯಲ್ಲಿ, ಎಥೆನಾಲ್ ಕೊಡುವ ನಮ್ಮದೇ ಕಬ್ಬಿನ ಋಣ ಹೀಗೂ ತೀರಬಹುದು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿ 7ರಂದು ಹೊಸ ಪಂಪುಗಳಿಗೆ ಮಾರ್ಗಸೂಚಿ ಹೊರಡಿಸಿತು: ಶಾಲೆ, ಆಸ್ಪತ್ರೆ, ವಸತಿಯಿಂದ 50 ಮೀಟರ್ ದೂರ, ಜಾಗವಿಲ್ಲದಿದ್ದರೆ ಹೆಚ್ಚಿನ ಸುರಕ್ಷತೆಯೊಂದಿಗೆ 30. ಅಂತರವನ್ನು ಹೊಸಬರಿಗೆ ಗೊತ್ತುಮಾಡಿದ್ದಾಯಿತು. ತುಕ್ಕಿಗೆ ಹೆಚ್ಚು ಹತ್ತಿರದವರು ಹಳಬರು. ನೀರು ಪರೀಕ್ಷೆಗೆ ಹೋಗುತ್ತದಲ್ಲ ಎನ್ನಬೇಡಿ. ಮಾಮೂಲಿ ಪರೀಕ್ಷೆ ನೋಡುವುದು ಫ್ಲೋರೈಡ್, ನೈಟ್ರೇಟ್, ಗಡಸುತನ, ಬ್ಯಾಕ್ಟೀರಿಯಾ. ಬೆಂಜೀನ್ ಹುಡುಕಬೇಕಾದರೆ 40 ಮಿಲಿಲೀಟರಿನ ಗಾಜಿನ ಸೀಸೆಯನ್ನು ಒಂದು ಗುಳ್ಳೆಯೂ ಉಳಿಯದಂತೆ ಅಂಚಿನವರೆಗೆ ತುಂಬಿ, ಐಸಿನಲ್ಲಿಟ್ಟು ಲ್ಯಾಬಿಗೆ ಒಯ್ಯಬೇಕು. ಅರ್ಧ ತುಂಬಿದ ಬಿಸ್ಲೇರಿ ಬಾಟಲಿಯಲ್ಲಿ ಒಯ್ದರೆ ಆರೋಪಿ ದಾರಿಯಲ್ಲೇ ಹಾರಿಹೋಗುತ್ತಾನೆ, ವರದಿ ನಿಮ್ಮನ್ನು ನಿರ್ದೋಷಿ ಎನ್ನುತ್ತದೆ. ಇಂಥ ಪರೀಕ್ಷೆಯ ಖರ್ಚು ಯಾರದು, ಸಣ್ಣ ಡೀಲರ್ ಸತ್ತೇ ಹೋಗುತ್ತಾನೆ ಎಂಬ ಆಕ್ಷೇಪಕ್ಕೆ ತೂಕವಿದೆ. ಹಾಗಾಗಿ ಖರ್ಚು ತೈಲ ಕಂಪನಿಗಳದ್ದಾಗಲಿ, ಅವರು ಸಣ್ಣವರಲ್ಲ. ಬಾವಿಯವನೇ ಸಾಬೀತು ಮಾಡಲಿ ಎಂದರೆ, ಆ ಸೀಸೆಯ ಹೆಸರನ್ನೂ ಕೇಳದ ರೈತ ಎಲ್ಲಿಂದ ಸಾಬೀತು ಮಾಡಿಯಾನು?

ಆದ್ದರಿಂದ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೂ ಸೊಲ್ಲಾಪುರದ ಜಿಲ್ಲಾಧಿಕಾರಿಗಳಿಗೂ ನಿಮ್ಮ ಪರವಾಗಿ ನಮ್ಮದೇ ಅರ್ಜಿ: ಹಳೆಯ ಪಂಪುಗಳಿಂದ ಶುರುಮಾಡಿ ಪ್ರತಿ ಪಂಪಿನ ಸುತ್ತ ನಿಗಾ ಬಾವಿಗಳನ್ನು ಕೊರೆಸಿ, ಮಳೆಗಾಲದ ಹಿಂದೆ ಮುಂದೆ ನೀರು ತೆಗೆದು ಬೆಂಜೀನ್ ಪರೀಕ್ಷೆ ಮಾಡಿಸಿ, ಬಂದ ಅಂಕಿಯನ್ನು ದಿನದ ದರ ಬರೆಯುವ ಫಲಕದ ಪಕ್ಕದಲ್ಲೇ ಮರಾಠಿಯಲ್ಲೂ ಕನ್ನಡದಲ್ಲೂ ಹಾಕಿಸಬೇಕು.

ಇಂತಿ,
ನಿಮ್ಮ ನೆರೆಯ ಬಾವಿಯ ನೀರು ಕುಡಿಯುವವರು