ಪಾರ್ಸೆಲ್ ಸಾಂಬಾರ್ ಮತ್ತು ಕಡಲಾಮೆಯ ಅಜ್ಞಾನ

ಕಡಲಾಮೆಗಳು ಪ್ಲಾಸ್ಟಿಕ್ ನುಂಗಿ ಸಾಯುತ್ತಿವೆ ಎಂಬ ದೂರು ಬಹಳ ದಿನಗಳಿಂದ ಇದೆ. ಪಾರ್ಸೆಲ್ ಶಾಸ್ತ್ರದಲ್ಲಿ ಕೂದಲು ನರೆಸಿಕೊಂಡವನಾಗಿ ನನ್ನ ಆಕ್ಷೇಪ ಇಷ್ಟೇ: ಈ ಪ್ರಕರಣದಲ್ಲಿ ಹೋಟೆಲಿನವರ ವಿಚಾರಣೆ ನಡೆದಿದೆ, ಗಿರಾಕಿಯದೂ ಸರ್ಕಾರದ್ದೂ ನಡೆದಿದೆ. ಆಮೆಯನ್ನು ಮಾತ್ರ ಯಾರೂ ಪ್ರಶ್ನಿಸಿಲ್ಲ.

ಮೊದಲು ವಸ್ತುವನ್ನು ಪರಿಶೀಲಿಸೋಣ. ಬೆಂಗಳೂರಿನ ಯಾವುದಾದರೂ ದರ್ಶಿನಿಯಲ್ಲಿ ಎರಡು ಇಡ್ಲಿ ಪಾರ್ಸೆಲ್ ಹೇಳಿ. ಕಟ್ಟುವ ಹುಡುಗ ತೆಳು ಕವರಿಗೆ ಒಂದು ಸೌಟು ಸಾಂಬಾರ್ ಸುರಿದು, ಬಾಯಿ ಹಿಡಿದು, ಒಳಗೆ ಗಾಳಿ ಸಿಕ್ಕಿಕೊಳ್ಳುವಂತೆ ಗಿರ್ರನೆ ತಿರುಗಿಸಿ ದಾರ ಬಿಗಿಯುತ್ತಾನೆ. ಆ ಗಂಟು ಬಿಚ್ಚುವ ಗಂಡು ಇನ್ನೂ ಹುಟ್ಟಿಲ್ಲ. ಮನೆಯಲ್ಲಿ ಕತ್ತರಿಯಿಂದಲೋ ಹಲ್ಲಿನಿಂದಲೋ ಮೂಲೆ ಹರಿಯುತ್ತಾರೆ. ಹರಿದ ಮೂಲೆ ಎಲ್ಲಿ ಬಿತ್ತೆಂದು ಯಾರೂ ಹುಡುಕುವುದಿಲ್ಲ. ಉಳಿಯುವುದು ಬಿಗಿದ ಕುತ್ತಿಗೆ, ಉಬ್ಬಿದ ಹೊಟ್ಟೆ, ಪಾರದರ್ಶಕ ಮೈ, ಜೋಲಾಡುವ ದಾರ. ಲೋಳೆಮೀನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಪ್ರಕೃತಿ ಕೋಟ್ಯಂತರ ವರ್ಷ ತೆಗೆದುಕೊಂಡ ಕೆಲಸವನ್ನು ಈ ಹುಡುಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಾನೆ, ಅದೂ ಬೆಳಿಗ್ಗೆ ಎಂಟರ ರಶ್ಶಿನಲ್ಲಿ.

ಬೆಂಗಳೂರಿಗೆ ಕಡಲೆಲ್ಲಿದೆ ಎಂದು ಕೇಳುವವರು ಮೋರಿಯನ್ನು ಗಂಭೀರವಾಗಿ ನೋಡಿದವರಲ್ಲ. ಮೋರಿಗೆ ಬಿದ್ದ ಕವರ್ ವೃಷಭಾವತಿ ಸೇರುತ್ತದೆ, ವೃಷಭಾವತಿ ಅರ್ಕಾವತಿಯನ್ನು, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು. ಮುಂದೆ ಬಿಳಿಗುಂಡ್ಲು, ಆಮೇಲೆ ತಮಿಳುನಾಡು, ಕೊನೆಗೆ ಬಂಗಾಳಕೊಲ್ಲಿ. ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ನೀರು ದಾಟಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಆ ನೀರಿನ ಮೇಲೆ ತೇಲುವ ಕವರಿನಲ್ಲಿ ಯಾರ ಪಾಲೆಷ್ಟು ಎಂದು ಹೇಳಲಿಲ್ಲ. ನೀರು ಬಿಟ್ಟರೆ ಮಂಡ್ಯದಲ್ಲಿ ಹೆದ್ದಾರಿ ಬಂದ್. ಕವರ್ ಬಿಟ್ಟಿದ್ದಕ್ಕೆ ಒಂದು ಟೈರೂ ಸುಟ್ಟಿಲ್ಲ. ಮಳೆ ಕೈಕೊಟ್ಟ ವರ್ಷವೂ ಇದಕ್ಕೆ ಸಂಕಷ್ಟ ಸೂತ್ರ ಬೇಕಾಗಿಲ್ಲ. ಎರಡು ರಾಜ್ಯಗಳ ನಡುವೆ ಇಷ್ಟು ಸೌಹಾರ್ದದಿಂದ ಹರಿಯುವ ವಸ್ತು ಬೇರೊಂದಿದ್ದರೆ ತೋರಿಸಿ.

ಕಾನೂನು ತನ್ನ ಪಾಲಿನದನ್ನು ಮಾಡಿದೆ. ನಮ್ಮ ರಾಜ್ಯ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ದಪ್ಪ ತೆಳುವೆನ್ನದೆ ನಿಷೇಧಿಸಿತು. ಕೇಂದ್ರ ಮೈಕ್ರಾನನ್ನು ನಂಬಿತು: 2021ರ ಸೆಪ್ಟೆಂಬರ್ ಕೊನೆಗೆ ಕನಿಷ್ಠ 75, 2022ರ ಕೊನೆಗೆ 120. ಸಾಂಬಾರ್ ಕವರಿಗೆ ಹಿಡಿಯೇ ಇಲ್ಲ, ಹಾಗಾಗಿ ಅದು ಕೈಚೀಲವೇ ಅಲ್ಲ ಎಂಬ ಸೂಕ್ಷ್ಮ ವಾದವನ್ನು ನಾನು ಕೇಳಿದ್ದು ಗಲ್ಲಾಪೆಟ್ಟಿಗೆಯ ಹಿಂದಿನಿಂದ. ಇನ್ನು ದಪ್ಪದ ವಿಚಾರ. 2018ರಲ್ಲಿ ದಕ್ಷಿಣ ಥಾಯ್ಲೆಂಡಿನಲ್ಲಿ ಸತ್ತ ಪೈಲಟ್ ತಿಮಿಂಗಿಲದ ಹೊಟ್ಟೆಯಿಂದ 80ರಷ್ಟು ಪ್ಲಾಸ್ಟಿಕ್ ಚೀಲ ತೆಗೆದರು, ಒಟ್ಟು ಸುಮಾರು 8 ಕಿಲೋ. ಚೀಲವೊಂದಕ್ಕೆ ನೂರು ಗ್ರಾಂ! ಇಷ್ಟು ಉತ್ತಮ ದರ್ಜೆಯ ಚೀಲ ನುಂಗಿಯೂ ಬದುಕಲಿಲ್ಲವೆಂದರೆ ದೋಷ ಚೀಲದ್ದಲ್ಲ, ಜೀರ್ಣಶಕ್ತಿಯದು.

ಈಗ ಆರೋಪಿಯ ಕಡೆ ಬರೋಣ. ಕಡಲಲ್ಲಿ ಕೆಲ ವಾರ ನೆನೆದು ಪಾಚಿ ಹಿಡಿದ ಪ್ಲಾಸ್ಟಿಕ್ಕಿನ ವಾಸನೆ ಆಮೆಗೆ ಆಹಾರದ ವಾಸನೆಯಂತೆಯೇ ಅನ್ನಿಸುತ್ತದೆ ಎಂದು 2020ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು ತೋರಿಸಿದೆ. ಬರೀ ಪಾಚಿಗೇ ಈ ಮರುಳು. ನಮ್ಮದರಲ್ಲಿ ಇಂಗು, ಕರಿಬೇವಿನ ಒಗ್ಗರಣೆ ಬೇರೆ. ಮೇಲಾಗಿ ಆಮೆಯ ಗಂಟಲಿನ ತುಂಬ ಒಳಮುಖವಾಗಿ ಬಾಗಿದ ಮುಳ್ಳುಗಳು. ನೀರನ್ನು ಹೊರಕ್ಕೆ ಬಿಡುವಾಗ ಜಾರುವ ಲೋಳೆಮೀನು ತಪ್ಪಿಸಿಕೊಳ್ಳದಿರಲೆಂದು ಈ ಏರ್ಪಾಡು. ಒಳಹೋದದ್ದನ್ನು ಉಗುಳುವುದು ಕಷ್ಟ. ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ ಎಂದು ಬೋರ್ಡು ಹಾಕಿಕೊಂಡ ಅಂಗಡಿ ಇದು. ಇಂಥವರು ಕೊಳ್ಳುವಾಗಲೇ ನೋಡಿ ಕೊಳ್ಳಬೇಕು.

ಆದ್ದರಿಂದ ಶಿಕ್ಷಣವೇ ಪರಿಹಾರ. ಕುಂದಾಪುರದ ಕೋಡಿ ತೀರದಲ್ಲಿ ಆಲಿವ್ ರಿಡ್ಲಿ ಆಮೆಗಳು ಬಂದು ಮೊಟ್ಟೆಯಿಡುತ್ತವೆ. ಮೀನುಗಾರರೂ ಅರಣ್ಯ ಇಲಾಖೆಯವರೂ ಬಲೆ ಕಟ್ಟಿ ಕಾಯುತ್ತಾರೆ. ಮರಿಗಳು ಗೂಡಿನಿಂದ ಅಲೆಯವರೆಗೆ ತೆವಳುವ ಕೆಲವೇ ನಿಮಿಷಗಳಲ್ಲಿ ಮೈಕ್ರಾನ್ ಪಾಠ ಮುಗಿಸಬೇಕು. ಪಠ್ಯ ನಾನೇ ಬರೆದುಕೊಡುತ್ತೇನೆ, ಗೌರವಧನ ಆಮೇಲೆ ಮಾತಾಡೋಣ.

ಮನೆಯಿಂದಲೇ ಸ್ಟೀಲ್ ಡಬ್ಬಿ ಒಯ್ದರಾಯಿತಲ್ಲ ಎನ್ನುವ ಉಗ್ರವಾದಿಗಳೂ ಇದ್ದಾರೆ. ಡಬ್ಬಿ ಹಿಡಿದು ಬೀದಿಗಿಳಿದರೆ ಈವತ್ತು ನಿಮ್ಮ ಮನೆಯಲ್ಲಿ ತಿಂಡಿ ಮಾಡಿಲ್ಲವೆಂದು ಎದುರುಮನೆಗೆ ಗೊತ್ತಾಗುತ್ತದೆ. ಸಂಸಾರದ ಮರ್ಯಾದೆ ಮುಚ್ಚುವ ಶಕ್ತಿ ಬಣ್ಣದ ಕವರಿಗೆ ಮಾತ್ರ ಇದೆ. ಆದರೂ ಒಬ್ಬರು ಹಟ ಹಿಡಿದು ಡಬ್ಬಿ ಚಾಚಿದ್ದನ್ನು ಕಂಡಿದ್ದೇನೆ. ಹುಡುಗ ಮೊದಲು ಕವರಿಗೆ ಸಾಂಬಾರ್ ತುಂಬಿ, ಅಳತೆ ಸರಿಯಿದೆಯೆಂದು ಎತ್ತಿ ತೋರಿಸಿ, ಡಬ್ಬಿಗೆ ಸುರಿದು, ಕವರನ್ನು ಬುಟ್ಟಿಗೆಸೆದ. ಕ್ಯಾಷಿಯರ್ ಬಿಲ್ ಹರಿದು ಕೊಟ್ಟ: "ಪಾರ್ಸೆಲ್ ಚಾರ್ಜು ಹಾಗೇ ಇರುತ್ತೆ ಸಾರ್, ಮಿಷನ್ನಲ್ಲಿ ತೆಗೆಯೋಕೆ ಬರಲ್ಲ."